ಚಂಬಣ್ಣನ ಹೂಂ

ಒಬ್ಬರು ‘ಹೂಂ’ ಅಂದಾಗ ಅದು ಅವರದೇ ‘ಹೂಂ’ ಹೌದೋ, ಇಲ್ಲ ಎದುರಿಗಿದ್ದವರ ಮುಖ ನೋಡಿ ಅಂದದ್ದೋ ಎಂದು ಹೇಳುವ ಯಂತ್ರವೊಂದು ಇದ್ದರೆ ಏನಾದೀತು? ಕನ್ಯೆ ನೋಡುವ ಮನೆಗಳಲ್ಲಿ, ಕಚೇರಿಯ ಸಭೆಗಳಲ್ಲಿ, ಸೊಸೆಯ ಅಡುಗೆ ಹೊಗಳುವ ಅತ್ತೆಯರ ನಡುವೆ ಅದನ್ನು ಬಿಟ್ಟರೆ ಏನೇನು ಅನಾಹುತವಾದೀತೆಂದು ನಾನೂ ನದಾಫನೂ ಊಟದ ಹೊತ್ತಿನಲ್ಲಿ ಬಹಳ ಸಲ ಕಲ್ಪಿಸಿಕೊಂಡು ನಕ್ಕಿದ್ದೇವೆ. ಆದರೆ ನಾವು ಆ ಯಂತ್ರ ಮಾಡಿದ್ದು ಅವರಿಗಾಗಿ ಅಲ್ಲ. ಚಂಬಣ್ಣನಂಥವರಿಗಾಗಿ.

ಬುದ್ಧಿಯ ಬೆಳವಣಿಗೆ ನಿಧಾನವಾದವರನ್ನು ‘ಇಲ್ಲಿ ನಿನಗೆ ಚೆನ್ನಾಗಿದೆಯಾ?’ ಎಂದು ಕೇಳಿ ನೋಡಿ. ‘ಹೂಂ’ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ‘ಇಲ್ಲಿ ಬೇಜಾರೇನು?’ ಎಂದು ಕೇಳಿ. ಅದಕ್ಕೂ ‘ಹೂಂ’. ಎಲ್ಲರೂ ಹೀಗೆ ಎಂದಲ್ಲ, ಆದರೆ ಬಹಳ ಮಂದಿ ಹೀಗೆ. ಇದು ದಡ್ಡತನವಲ್ಲ. ಹುಟ್ಟಿದಂದಿನಿಂದ ಎಲ್ಲ ತೀರ್ಮಾನಗಳನ್ನೂ ಬೇರೆಯವರೇ ಮಾಡುತ್ತ ಬಂದಿರುವಾಗ, ಹೂಂ ಅಂದರೆ ಕೇಳಿದವರ ಮುಖ ಸಡಿಲಾಗುತ್ತದೆ, ಬೇಡ ಅಂದರೆ ಗಂಟಿಕ್ಕುತ್ತದೆ ಎಂಬುದನ್ನು ಅವರು ನಮಗಿಂತ ಬೇಗ ಕಲಿತುಕೊಂಡಿರುತ್ತಾರೆ. ನಮ್ಮ ಕ್ಷೇತ್ರದಲ್ಲಿ ಈ ಹೂಂಗೆ ಎಡವಿ ಬೀಳದ ಸಂಶೋಧಕರಿಲ್ಲ. ಅವರ ನೆಮ್ಮದಿಯನ್ನು ಅಳೆಯಲು ಹೊರಡುತ್ತೇವೆ, ಕೊನೆಗೆ ಅವರ ತಾಯಿಯನ್ನೋ ನೋಡಿಕೊಳ್ಳುವವರನ್ನೋ ಡಾಕ್ಟರನ್ನೋ ಕೇಳಿಕೊಂಡು ವಾಪಸು ಬರುತ್ತೇವೆ. ಅವರವರಿಗೆ ಅನುಕೂಲವಾದದ್ದನ್ನು ಅವರವರು ಹೇಳಿರುತ್ತಾರೆ.

ನಮ್ಮ ಯಂತ್ರ ಈ ಕಗ್ಗಂಟನ್ನು ಬಿಡಿಸಬೇಕಿತ್ತು. ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ, ಗಂಟಲ ಪಕ್ಕಕ್ಕೆ ಅಂಟಿಸುವ ಉಗುರಿನಷ್ಟು ತೆಳುವಾದ ಒಂದು ಬಿಲ್ಲೆ. ಮಾತು ಬಾಯಿಂದ ಹೊರಡುವ ಮುಂಚೆಯೇ ಗಂಟಲಿನ ಸ್ನಾಯುಗಳು ಸಜ್ಜಾಗುತ್ತವೆ, ನಾಡಿಯ ಲಯ ತುಸು ಬದಲಾಗುತ್ತದೆ, ಚರ್ಮದ ತೇವ ಏರಿಳಿಯುತ್ತದೆ. ಇವೆಲ್ಲವನ್ನೂ ಕೂಡಿಸಿ ನೋಡಿ ಪಟ್ಟಿ ತೀರ್ಪು ಕೊಡುತ್ತದೆ. ಆಡಿದ ಮಾತು ಆಡಿದವರದೇ ಆಗಿದ್ದರೆ ಹಸಿರು ದೀಪ, ಕೇಳಿದವರ ಸಲುವಾಗಿ ಆಡಿದ್ದಾದರೆ ಹಳದಿ ದೀಪ. ಹಣ ಕೊಟ್ಟವರು ಇದಕ್ಕೆ ‘ಅಂತರ್ವಾಣಿ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಹೇಳಿದರೆ ಯಾರಾದರೂ ಕೈಮುಗಿದಾರು ಎಂಬ ಹೆದರಿಕೆಯಿಂದ ನಾವು ‘ಪಟ್ಟಿ’ ಎಂದೇ ಕರೆಯುತ್ತಿದ್ದೆವು. ಅದರ ತಂತಿ, ಲೆಕ್ಕ, ದೀಪ ಎಲ್ಲ ಎಂಜಿನಿಯರ್ ನದಾಫನ ಪಾಲಿನವು. ಅವನು ಗದಗಿನವನು, ಮಾತು ಕಡಿಮೆ, ತಿಂಡಿ ಜಾಸ್ತಿ. ಮನುಷ್ಯರನ್ನು ಕೂಡಿಸಿ ಪ್ರಶ್ನೆ ಕೇಳುವ ಕೆಲಸ ನನ್ನದು. ನಾನು ಸುಮಿತ್ರಾ ಗಲಗಲಿ, ಓದಿದ್ದು ಮನಶ್ಶಾಸ್ತ್ರ.

ಚಂಬಣ್ಣನಿಗೆ ಮೂವತ್ತಾರು ವರ್ಷ. ಗುಂಗುರು ಕೂದಲು, ಅಗಲ ಮುಖ, ಯಾರು ಬಂದರೂ ಎದ್ದು ನಿಂತು ಕುರ್ಚಿ ತೋರಿಸುವ ಮರ್ಯಾದಸ್ಥ. ಧಾರವಾಡದಲ್ಲಿ ಇಂಥವರಿಗಾಗಿಯೇ ಒಂದು ಟ್ರಸ್ಟಿನವರು ನಡೆಸುವ ಶೇಂಗಾ ಚಟ್ನಿಯ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಒಂದು ಉದ್ದನೆಯ ಪಡಸಾಲೆ, ಒಂದು ಹುರಿಯುವ ಯಂತ್ರ, ಒಂದು ಕುಟ್ಟುವ ಯಂತ್ರ. ಅಲ್ಲಿ ಚಂಬಣ್ಣ ಹುರಿದ ಶೇಂಗಾ ತಿಕ್ಕಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ, ಕರಕಲು ಕಾಳುಗಳನ್ನು ಆರಿಸಿ ತೆಗೆಯುತ್ತಾನೆ. ಚಳಿಗಾಲದಲ್ಲಿ ಅವನ ತಾಯಿ ತೀರಿಕೊಂಡಳು. ಅಲ್ಲಿಯವರೆಗೆ ಹಗಲು ಕೆಲಸ ಮುಗಿಸಿ ಮಾಳಮಡ್ಡಿಯ ಬಾಡಿಗೆ ಮನೆಗೆ, ತಾಯಿಯ ಹತ್ತಿರ ಹೋಗುತ್ತಿದ್ದವನು ಈಗ ಪಡಸಾಲೆಯ ಮೇಲಿನ ಮನೆಯಲ್ಲಿ, ತನ್ನಂಥ ಇನ್ನೂ ಐದಾರು ಗಂಡಸರ ಜೊತೆ ಇದ್ದಾನೆ. ಆ ಮನೆಯನ್ನು ನೋಡಿಕೊಳ್ಳುವವರು ಕಲಾವತಿಬಾಯಿ.

ಅವನಿಗೆ ಒಬ್ಬಳೇ ಅಕ್ಕ, ನೀಲಗಂಗಾ. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ತಮ್ಮನನ್ನು ತನ್ನ ಮನೆಗೆ ಕರೆದೊಯ್ಯಲು ರಜೆ ಹಾಕಿ ಬಂದಿದ್ದಳು. ‘ಕರಕೊಂಡು ಬಾ’ ಎಂದು ಗಂಡನೇ ಹೇಳಿ ಕಳಿಸಿದ್ದನಂತೆ. ಒಂದು ಕೋಣೆಗೆ ಬಣ್ಣ ಹೊಡೆಸಿ, ಮಂಚ ತರಿಸಿ ಇಟ್ಟಿದ್ದರಂತೆ. ಇಂಥ ಅಕ್ಕ, ಇಂಥ ಭಾವ ಎಲ್ಲರಿಗೂ ಸಿಗುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕುವವರಿಗೆ ನಿರಾಸೆಯಾಗುತ್ತದೆ.

ಇಂಥವರು ಎಲ್ಲಿ ಇರಬೇಕೆಂಬುದನ್ನು ಅವರನ್ನೇ ಕೇಳಿ ನಿರ್ಧರಿಸಬೇಕು ಎಂದು ಆಗಷ್ಟೇ ಹೊಸ ಕಾಯಿದೆ ಬಂದಿತ್ತು. ಕೇಳುವುದು ಹೇಗೆ ಎಂಬುದನ್ನು ಮಾತ್ರ ಕಾಯಿದೆ ಹೇಳಿರಲಿಲ್ಲ. ಅದಕ್ಕಾಗಿ ನೇಮಿಸಿದ ಸಮಿತಿಯವರು ತಲೆ ಕೆರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಪಟ್ಟಿಯ ಮಾತಿನ ಮೇಲೆ ಮನೆ ನಿರ್ಧಾರವಾಗುವ ಮೊದಲ ಮನುಷ್ಯ ಚಂಬಣ್ಣ.

ಪಡಸಾಲೆಯಲ್ಲಿಯೇ ಕೂಡಿಸಿ, ಕೈಗೆ ಪಟ್ಟಿ ಕಟ್ಟಿ, ಮೊದಲು ಅದೂ ಇದೂ ಮಾತಾಡಿ, ಆಮೇಲೆ ಕೇಳಿದೆ.

“ಚಂಬಣ್ಣ, ನೀಲಕ್ಕನ ಸಂಗಾಟ ಸೊಲ್ಲಾಪುರಕ್ಕ ಹೋಗ್ತಿಯೇನಪಾ?”

“ಹೂಂ.” ತಟ್ಟನೆ, ನಗುತ್ತ ಬಂದ ಮಾತು. ಹಸಿರು ದೀಪ.

“ಇಲ್ಲಾ, ಇಲ್ಲೇ ಇರ್ತಿಯೇನು?”

ಚಂಬಣ್ಣ ಕೈಯಲ್ಲಿದ್ದ ಶೇಂಗಾ ನೋಡಿದ. ಎದುರಿಗೆ ಕೂತ ಅಕ್ಕನನ್ನು ನೋಡಿದ. ಉಗುಳು ನುಂಗಿಕೊಂಡು “ಹೂಂ” ಎಂದ. ಹಳದಿ ದೀಪ.

ಶಬ್ದ ಬದಲಿಸಿ, ಹಿಂದುಮುಂದಾಗಿ, ಬೇರೆ ಬೇರೆ ದಿನ ಕೇಳಿದೆ. ಪ್ರತಿ ಸಲವೂ ಅದೇ. ಸೊಲ್ಲಾಪುರಕ್ಕೆ ಹಸಿರು, ಧಾರವಾಡಕ್ಕೆ ಹಳದಿ. ಇದಕ್ಕಿಂತ ಸ್ಪಷ್ಟವಾದ ಫಲಿತಾಂಶವನ್ನು ಯಾವ ಸಂಶೋಧಕಿಯೂ ಕೇಳುವಂತಿಲ್ಲ. ನೀಲಗಂಗಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನಗ ಗೊತ್ತಿತ್ರಿ ಮೇಡಂ. ಸಣ್ಣಾಂವಿದ್ದಾಗಿಂದ ನನ್ನ ಬೆನ್ನ ಬಿಟ್ಟಾಂವಲ್ಲ. ಹಗಲಿಗೆ ಟಿವಿ ಐತಿ. ನಾವಿಬ್ರೂ ಡ್ಯೂಟಿಗೆ ಹೋಗೂಮುಂದ ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ತೀವಿ, ಏನೂ ಹೆದರಿಕಿ ಇಲ್ಲ.”

ಸಮಿತಿಯ ಸಭೆ ಮುಂದಿನ ಸೋಮವಾರ ಎಂದು ಗೊತ್ತಾಯಿತು. ನೀಲಗಂಗಾ ಅವತ್ತಿನ ಸಂಜೆಯ ರೈಲಿಗೆ ಇಬ್ಬರ ಟಿಕೆಟ್ ತೆಗೆಸಿದಳು.

ನಡುವೆ ಒಂದು ದಿನ, ಉಳಿದವರ ಪರೀಕ್ಷೆಗಾಗಿ ಪಡಸಾಲೆಗೆ ಹೋದವಳು ಚಂಬಣ್ಣನ ಅಂಗಿಯ ಕಾಲರು ನೋಡಿದೆ. ಎರಡೂ ತುದಿ ಎಳೆ ಎಳೆಯಾಗಿ ಬಿಟ್ಟಿದ್ದವು, ಒದ್ದೆಯಾಗಿದ್ದವು. ಇಲಿ ಕಡಿದ ಹಾಗಿತ್ತು.

“ಅದೇನ್ರಿ?” ಎಂದು ಕಲಾವತಿಬಾಯಿಯನ್ನು ಕೇಳಿದೆ.

“ಕಡ್ಯಾಕತ್ತಾನ್ರಿ. ಊರಿಗೆ ಹೋಗೂದು ಅಂತ ಹೇಳಿದಾಗಿಂದ ಇರೂ ಅಂಗಿ ಎಲ್ಲಾ ಹಿಂಗ ಮಾಡ್ಯಾನ. ಡಾಕ್ಟರು, ಹೊಸಾ ಜಾಗಕ್ಕ ಹೋಗೂ ಖುಷಿಗೆ ಗಾಬರಿ ಆಗೇತಿ, ಒಂದು ಗುಳಿಗಿ ಬರದ ಕೊಡ್ತೀನಿ, ಪ್ರಯಾಣದಾಗ ಶಾಂತ ಇರ್ತಾನ ಅಂದಾರ.”

ಖುಷಿಗೆ ಕಾಲರು ಕಡಿಯುವುದು ಅಸಾಧ್ಯವೇನಲ್ಲ. ನಾನೇ ಪಿಎಚ್‌ಡಿ ಬಂದ ದಿನ ಉಗುರೆಲ್ಲ ಕಡಿದುಕೊಂಡಿದ್ದೆ. ಆದರೆ ಅವನ ಮುಂದಿದ್ದ ಬುಟ್ಟಿ ನೋಡಿದೆ. ಒಳ್ಳೆಯ ಕಾಳಿನ ನಡುವೆ ಕರಕಲು ಕಾಳುಗಳು ಹಾಗೆಯೇ ಉಳಿದಿದ್ದವು. ಅವನು ಶೇಂಗಾ ತಿಕ್ಕುತ್ತಿದ್ದ, ಆದರೆ ಆರಿಸುತ್ತಿರಲಿಲ್ಲ. ದೀಪ ‘ಇವನು ಹೋಗಲು ಬಯಸುತ್ತಾನೆ’ ಎನ್ನುತ್ತಿದೆ, ಕೈ ಬೇರೆ ಏನನ್ನೋ ಹೇಳುತ್ತಿದೆ. ಎರಡರಲ್ಲಿ ಯಾವುದು ಖರೆ? ನನಗೆ ನಿಜಕ್ಕೂ ಕುತೂಹಲ ಹುಟ್ಟಿತು. ಕುತೂಹಲ ಹುಟ್ಟಿದರೆ ನನಗೆ ಅನ್ನ ಇಳಿಯುವುದಿಲ್ಲ, ನದಾಫನಿಗೂ ಇಳಿಯಗೊಡುವುದಿಲ್ಲ.

ಅವನು ಪಟ್ಟಿಯನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಪರೀಕ್ಷಿಸಿ, ಮತ್ತೆ ಜೋಡಿಸಿದ. “ಮೇಡಂ, ಯಂತ್ರದಾಗ ಏನೂ ದೋಷ ಇಲ್ಲ. ಹಸರು ಅಂದ್ರ ಹಸರು.”

“ಮತ್ತ ಕಾಲರು?”

“ಕಾಲರಿಗೆ ನಾವೇನೂ ಪಟ್ಟಿ ಹಚ್ಚಿಲ್ರಿ,” ಎಂದು ಅವನು ಅವಲಕ್ಕಿಯ ಡಬ್ಬಿ ತೆರೆದ.

ಮರುದಿನ ಮುಂಜಾನೆ ಮಾಳಮಡ್ಡಿಗೆ ಹೋದೆ. ನೀಲಗಂಗಾ ತಾಯಿಯ ಮನೆ ಖಾಲಿ ಮಾಡುತ್ತಿದ್ದಳು. ಪಾತ್ರೆಗಳೆಲ್ಲ ನೆಲದ ಮೇಲೆ, ಹಾಸಿಗೆ ಸುರುಳಿ ಸುತ್ತಿ ಗೋಡೆಗೆ ಒರಗಿಸಿತ್ತು, ಸ್ಟೋ ಮಾತ್ರ ಕಟ್ಟೆಯ ಮೇಲೆ ಉಳಿದಿತ್ತು. ಅವಳನ್ನು ಕೇಳಿದರೆ ಚಂಬಣ್ಣನ ಬಾಲ್ಯದ ಬಗ್ಗೆ ಏನಾದರೂ ತಿಳಿದೀತು, ಕಾಲರು ಕಡಿಯುವುದು ಹಳೆಯ ಚಾಳಿಯೋ ಹೊಸದೋ ಗೊತ್ತಾದೀತು ಎಂಬುದು ನನ್ನ ಲೆಕ್ಕ.

“ಇಲ್ರಿ, ಮೊದಲ ಹಂಗ ಮಾಡ್ತಿದ್ದಿಲ್ಲ,” ಎಂದಳು. ಆಮೇಲೆ ಸ್ವಲ್ಪ ಅನುಮಾನಿಸಿ ಕೇಳಿದಳು: “ಮೇಡಂ, ನಿಮ್ಮ ಆ ಪಟ್ಟಿ ಏನಾರ ಕಚ್ಚತೈತೇನ್ರಿ? ಅದಕ್ಕ ಹೆದರಿ ಹಿಂಗ ಮಾಡ್ತಾನೇನ?”

“ಛೇ, ಇಲ್ರಿ. ನೋಡ್ರಿ ಇಲ್ಲೆ,” ಎಂದು ಚೀಲದಿಂದ ಪಟ್ಟಿ ತೆಗೆದು ನನ್ನ ಕೈಗೇ ಕಟ್ಟಿಕೊಂಡೆ, ಬಿಲ್ಲೆಯನ್ನು ಗಂಟಲಿಗೆ ಹಚ್ಚಿಕೊಂಡೆ. ಅವಳು ಹತ್ತಿರ ಬಂದು ಮುಟ್ಟಿ ನೋಡಿದಳು. ನರ್ಸಲ್ಲವೇ, ಎಲ್ಲಿ ಅಂಟುತ್ತದೆ, ಏನು ಅಳೆಯುತ್ತದೆ ಎಂದೆಲ್ಲ ಕೇಳಿಕೊಂಡಳು. ಸಮಾಧಾನವಾದ ಮೇಲೆ ಎದ್ದಳು.

“ಚಹಾ ಮಾಡ್ತೀನ್ರಿ ಮೇಡಂ?”

“ಬ್ಯಾಡ್ರೀ, ಈಗಷ್ಟ ಕುಡದು ಬಂದೇನಿ.”

ಮಣಿಕಟ್ಟಿನ ಮೇಲೆ ಹಸಿರು ದೀಪ ಬೆಳಗಿತು.

ಅವತ್ತು ನಾನು ಚಹಾ ಕುಡಿದಿರಲಿಲ್ಲ. ಹಾಲು ಒಡೆದುಹೋಗಿ, ಮುಂಜಾನೆಯಿಂದ ಒಂದು ಗುಟುಕೂ ಇಲ್ಲದೆ, ತಲೆ ಸಿಡಿಯುತ್ತಿತ್ತು. ಚಹಾದ ಸಲುವಾಗಿ ನಾನು ಯಾರನ್ನಾದರೂ ಹೊಡೆಯಲು ಸಿದ್ಧಳಿದ್ದೆ. ಆದರೆ ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲ ಸಲ ಬೇಡ ಎನ್ನುವುದು ಉಸಿರಾಡಿದಷ್ಟೇ ಸಲೀಸು. ಎರಡನೆಯ ಸಲ ಸ್ವಲ್ಪ ಮೆತ್ತಗೆ ಬೇಡ ಎನ್ನಬೇಕು. ಮೂರನೆಯ ಸಲ ‘ಅರ್ಧಾ ಕಪ್ಪು ಸಾಕ್ರಿ’ ಎನ್ನಬೇಕು. ಮೊದಲ ಸಲಕ್ಕೇ ಹೂಂ ಅಂದವರು ಹಪಾಪಿಗಳು. ಮೊದಲ ಸಲದ ಬೇಡವನ್ನೇ ನಂಬಿ ಸುಮ್ಮನೆ ಕೂತವರು ಜಿಪುಣರು. ಇದನ್ನು ಯಾರೂ ಹೇಳಿಕೊಡುವುದಿಲ್ಲ, ತೊಟ್ಟಿಲಲ್ಲೇ ಬಂದಿರುತ್ತದೆ.

ನಾನು ದೀಪವನ್ನೇ ನೋಡುತ್ತ ಕೂತೆ. ಆಡಿದ್ದು ಅಪ್ಪಟ ಸುಳ್ಳು. ಪಟ್ಟಿ ಅದನ್ನು ‘ನಿನ್ನದೇ ಮಾತು’ ಎನ್ನುತ್ತಿತ್ತು.

“ನೀಲಕ್ಕಾರ, ಇನ್ನೊಮ್ಮೆ ಕೇಳ್ರಿ.”

“ಏನ್ರಿ?”

“ಚಹಾ.”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಚಹಾ ಮಾಡ್ಲೇನ್ರಿ?”

ಈ ಸಲ ಖರೆ ಹೇಳಬೇಕೆಂದು ನಿಶ್ಚಯಿಸಿದೆ. ಬಾಯಿ ತೆರೆದೆ. ಐವತ್ತರ ಹತ್ತಿರ ಬಂದ ಹೆಂಗಸು ನಾನು, ವಿಶ್ವವಿದ್ಯಾಲಯದಲ್ಲಿ ನೂರಾರು ಜನರೆದುರು ಮಾತಾಡಿದವಳು, ಗಂಟಲು ಕಟ್ಟಿತು. ಕಿವಿ ಬಿಸಿಯಾಯಿತು. “ನನಗ ಚಹಾ ಬೇಕಾಗೇದ್ರಿ. ಪೂರಾ ಕಪ್ಪು. ಸಕ್ಕರಿ ಜಾಸ್ತಿ ಹಾಕಿ,” ಎಂದು ಹೇಗೋ ಹೇಳಿ ಮುಗಿಸಿದೆ.

ಹಳದಿ ದೀಪ.

ನೀಲಗಂಗಾ ಸ್ಟೋ ಹಚ್ಚಿದಳು. ನಾನು ಆ ಚಹಾವನ್ನು ಎರಡು ಗುಟುಕಿಗೆ ಮುಗಿಸಿ, ಅವಳಿಗೆ ಏನೂ ಹೇಳದೆ, ಆಟೋ ಹಿಡಿದು ಪ್ರಯೋಗಾಲಯಕ್ಕೆ ಬಂದೆ.

“ನದಾಫ್, ಪಟ್ಟಿಗೆ ಪಾಠ ಕಲಿಸೂಮುಂದ ನಾವು ಮೊದಲ ಏನು ಕೇಳಿದ್ವಿ?”

ಇಂಥ ಯಂತ್ರಕ್ಕೆ ಹುಟ್ಟಿನಿಂದ ಏನೂ ಗೊತ್ತಿರುವುದಿಲ್ಲ. ಸಾಮಾನ್ಯ ಜನರನ್ನು ಕರೆಸಿ, ಪಟ್ಟಿ ಕಟ್ಟಿ, ಪ್ರಶ್ನೆ ಕೇಳಿ, ‘ಇದು ಸ್ವಂತದ ಮಾತು, ಇದು ಇನ್ನೊಬ್ಬರಿಗಾಗಿ ಆಡಿದ ಮಾತು’ ಎಂದು ತೋರಿಸಿ ಕಲಿಸಬೇಕು. ಅದರ ವಿಧಾನವನ್ನು ಹೊರದೇಶದ ಒಂದು ತಂಡ ಸಿದ್ಧಪಡಿಸಿ ಕಳಿಸಿತ್ತು. ಮೊದಲು, ಸುಳ್ಳು ಹೇಳಲು ಯಾರಿಗೂ ಕಾರಣವೇ ಇಲ್ಲದ ಸಣ್ಣ ಪ್ರಶ್ನೆಗಳು. ಕುಡಿಯಲು ಏನಾದರೂ ಬೇಕೆ? ಫ್ಯಾನು ಹಾಕಲೇ? ಇವುಗಳ ಉತ್ತರವೆಲ್ಲ ‘ಸ್ವಂತದ ಮಾತು’. ಆಮೇಲೆ, ‘ಮನಸ್ಸಿಗೆ ವಿರುದ್ಧವಾಗಿ ಹೇಳಿ’ ಎಂದು ಸೂಚಿಸಿ ಹೇಳಿಸಿದ ಉತ್ತರಗಳು. ಅವು ‘ಇನ್ನೊಬ್ಬರ ಸಲುವಾಗಿ’. ಆ ತಂಡದ ದೇಶದಲ್ಲಿ ಚಹಾದ ವಿಷಯದಲ್ಲಿ ಜನ ಸುಳ್ಳು ಹೇಳುವುದಿಲ್ಲವೇನೋ. ನಾವು ಅದನ್ನು ಚೆಂದದ ಕನ್ನಡಕ್ಕೆ ತಂದು, ಧಾರವಾಡದ ನಿವೃತ್ತ ಮಾಸ್ತರರನ್ನೂ ಬ್ಯಾಂಕಿನವರನ್ನೂ ಅವರ ಮನೆಯವರನ್ನೂ ಕರೆಸಿ ಕೂಡಿಸಿದ್ದೆವು.

ನದಾಫ್ ಬಾಯಲ್ಲಿದ್ದ ಅವಲಕ್ಕಿ ನುಂಗಿದ. “ಚಹಾ ಕೇಳಿದ್ವಿ ಮೇಡಂ. ಎಲ್ಲಾರೂ ಬ್ಯಾಡ ಅಂದಿದ್ರು.”

“ಮತ್ತ ಕೋಣ್ಯಾಗ ಇಟ್ಟಿದ್ದ ಚಹಾದ ಫ್ಲಾಸ್ಕು?”

“ದಿನಾ ಸಂಜಿಕ ಖಾಲಿನ. ನಾನ ತೊಳೀತಿದ್ದೆ.” ಅವನ ಕೈ ಡಬ್ಬಿಯಲ್ಲೇ ನಿಂತಿತು. “ಫ್ಯಾನೂ ಬ್ಯಾಡ ಅಂದಿದ್ರು. ಛಲೋ ಗಾಳಿ ಬರಾಕತ್ತೈತಿ ಅಂತಿದ್ರು.”

ಆ ಕೋಣೆಗೆ ಕಿಟಕಿಯೇ ಇಲ್ಲ. ಪರೀಕ್ಷೆ ನಡೆದದ್ದು ಕಡು ಬೇಸಿಗೆಯಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಗು ಬಂತು, ಆಮೇಲೆ ನಗು ನಿಂತಿತು. ನದಾಫ್ ಡಬ್ಬಿ ಮುಚ್ಚಿದ. ಅವನು ಡಬ್ಬಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅನುಮಾನ ಸಾಲದು, ಪರೀಕ್ಷೆ ಬೇಕು. ಹಿಂದೆ ಬಂದವರಲ್ಲಿ ಕೆಲವರನ್ನು ಮತ್ತೆ ಕರೆಸಿದೆವು. ಚಹಾ ಬೇಕೇ ಎಂದು ಒಮ್ಮೆ ಕೇಳಿದೆವು. ಬೇಡ ಎಂದರು. ಹಸಿರು. ಒತ್ತಾಯ ಮಾಡಲಿಲ್ಲ. ಫ್ಲಾಸ್ಕನ್ನೂ ಕಪ್ಪನ್ನೂ ಮೇಜಿನ ಮೇಲೆ ಬಿಟ್ಟು ‘ಈಗ ಬಂದ್ವಿರಿ’ ಎಂದು ಹೊರಗೆ ಹೋದೆವು. ಮರಳಿ ಬಂದಾಗ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕಪ್ಪನ್ನು ತುಟಿಗೆ ಹಚ್ಚಿಕೊಂಡೇ ಸಿಕ್ಕರು. “ಸರ್, ಖರೇನ ಹೇಳ್ರಿ, ಮೊದಲ ಬೇಕಾಗಿತ್ತೋ ಇಲ್ಲೋ?” ಎಂದು ಕೇಳಿದೆ. ಪಾಪ, ಅವರು ಕೆಮ್ಮಿ, ಕನ್ನಡಕ ಸರಿಮಾಡಿಕೊಂಡು, “ಬೇಕಾಗಿತ್ತವಾ” ಎಂದರು. ಹಳದಿ. ಬಂದವರಲ್ಲಿ ಹೆಚ್ಚಿನವರದು ಇದೇ ಕಥೆ.

ಪಟ್ಟಿ ಕೆಟ್ಟಿರಲಿಲ್ಲ. ಅಂಗಿ ತಿರುವಿ ಹಾಕಿಕೊಂಡ ಹಾಗೆ, ನಾವು ಅದನ್ನು ತಿರುವಿ ಓದುತ್ತಿದ್ದೆವು. ರೂಢಿಯ ಮಾತು, ಎದುರಿಗಿದ್ದವರನ್ನು ಸಮಾಧಾನಪಡಿಸುವ ಮಾತು ಗಂಟಲಿಗೆ ಏನೂ ತೊಡಕಿಲ್ಲದೆ ಬರುತ್ತದೆ. ದಿನವಿಡೀ ಅದನ್ನೇ ಆಡುತ್ತೇವಲ್ಲ. ಪಟ್ಟಿ ಆ ಸಲೀಸನ್ನು ‘ಸ್ವಂತ’ ಎಂದು ಕಲಿತಿತ್ತು. ‘ನನಗೆ ಇದು ಬೇಕು’ ಎಂದು ಬಾಯಿಬಿಟ್ಟು ಹೇಳುವುದಕ್ಕೇ ನಮ್ಮ ಗಂಟಲು ಕಟ್ಟುತ್ತದೆ. ಬೇಡ ಅಂದವರಿಂದ ‘ಮನಸ್ಸಿಗೆ ವಿರುದ್ಧವಾಗಿ’ ಎಂದು ನಾವು ಹೇಳಿಸಿದ ‘ಬೇಕು’ ಎಂಬುದೇ ಅವರ ಖರೆ ಮಾತಾಗಿತ್ತು, ಆ ಕಷ್ಟವನ್ನು ಪಟ್ಟಿ ‘ಪರರಿಗಾಗಿ’ ಎಂದು ಕಲಿತಿತ್ತು.

“ಹಂಗಾರ ಚಂಬಣ್ಣನ ಹಳದೀನ ಖರೆ ಮಾತು,” ಎಂದ ನದಾಫ್. “ಇಲ್ಲೇ ಇರ್ತೀನಿ ಅನ್ನೂದು.”

“ಇವರಿಗೆಲ್ಲಾ ಹಂಗ ಅದ. ಚಂಬಣ್ಣಗೂ ಹಂಗ ಅಂತ ಹೆಂಗ ಹೇಳೂದು? ಅಂವನ್ನ ಬಿಟ್ಟು ಉಳದವ್ರಿಗೆ ಪರೀಕ್ಷೆ ಮಾಡಿದೀವಿ.”

“ಮತ್ತ ಕಾಲರು?” ಎಂದು ಈಗ ಅವನು ನನ್ನನ್ನು ಕೇಳಿದ.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು.

ಮರುದಿನ ಮುಂಜಾನೆ ಹೋಗಿ ನೀಲಗಂಗಾಗೆ ಎಲ್ಲವನ್ನೂ ಹೇಳಿದೆ. ಚಹಾದ ಕಥೆಗೆ ಅವಳು ನಗಲಿಲ್ಲ. ಕಟ್ಟಿಟ್ಟ ಗಂಟುಗಳ ನಡುವೆ ನಿಂತಿದ್ದವಳ ಮುಖ ಕೆಂಪಾಯಿತು.

“ಮೊನ್ನಿ ಹಸರ ಅಂದ್ರ ಬರ್ತಾನ ಅಂದ್ರಿ. ಇವತ್ತ ಹಸರ ಅಂದ್ರ ಬರೂದಿಲ್ಲ ಅಂತೀರಿ. ನಾಳಿಗೆ ಏನಂತೀರಿ? ನನ್ನ ತಮ್ಮ ಏನ ನಿಮ್ಮ ಆಟಿಗಿ ಸಾಮಾನೇನ್ರಿ? ನಮ್ಮವ್ವ ಸಾಯೂಮುಂದ ಅಂವನ ಕೈ ತಂದು ನನ್ನ ಕೈಯಾಗ ಇಟ್ಟಾಳ. ಅಕಿಗೆ ನಾ ಏನ ಹೇಳ್ಲಿ?”

ಅವಳ ಸಿಟ್ಟು ನ್ಯಾಯವಾಗಿತ್ತು. ನನಗೆ ನಾಚಿಕೆಯಾಗಿತ್ತು. ಅದನ್ನೇ ಹೇಳಿದೆ.

ಅವಳು ಗಂಟುಗಳನ್ನು ಕಾಲಿನಿಂದ ಬದಿಗೆ ಸರಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು. “ಬರ್ರಿ. ಯಂತ್ರಾ ಇಲ್ಲದ ನಾನ ಕೇಳ್ತೀನಿ. ನನ್ನ ಮುಂದ ಸುಳ್ಳ ಹೇಳೂದಿಲ್ಲ ಅಂವ.”

ಪಡಸಾಲೆಗೆ ಭಾನುವಾರವೂ ರಜೆ ಇಲ್ಲ, ನಾವು ಹೋದಾಗ ಕೆಲಸ ಶುರುವಾಗುವ ಹೊತ್ತು. ಮೆಟ್ಟಿಲ ಹತ್ತಿರ ಚಂಬಣ್ಣ ಮೊಣಕಾಲೂರಿ ಕೂತಿದ್ದ. ಅವನೆದುರು ಪರಸಪ್ಪ ಎಂಬ, ವಯಸ್ಸಿನಲ್ಲಿ ಅವನಿಗಿಂತ ದೊಡ್ಡವನಾದ, ಕೈ ನಡುಗುವ ಒಬ್ಬ ಗಂಡಸು ನಿಂತಿದ್ದ. ಚಂಬಣ್ಣ ಅವನ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕುತ್ತಿದ್ದ. ಒಂದು ಗುಂಡಿ ತಪ್ಪಿದ್ದನ್ನು ನೋಡಿ, ಎಲ್ಲ ಬಿಚ್ಚಿ, ಮೊದಲಿನಿಂದ ಹಾಕಿದ. “ನಿಂದ್ರು, ನಿಂದ್ರು” ಎಂದು ಗದರಿಸುತ್ತಿದ್ದ. ನೀಲಗಂಗಾ ಬಾಗಿಲಲ್ಲೇ ನಿಂತು ನೋಡಿದಳು.

“ಅಂವನ ಗುಂಡಿ ನಾ ಹಾಕ್ತಿದ್ದೆ,” ಎಂದು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. “ಮದವಿ ಆಗಿ ಹೋದಮ್ಯಾಲ ಅವ್ವ ಹಾಕ್ತಿದ್ಲು. ಇದನ್ನ ಯಾವಾಗ ಕಲ್ತಾ ಇಂವ?”

“ಇಲ್ಲಿಗೆ ಬಂದಮ್ಯಾಲ್ರಿ,” ಎಂದರು ಕಲಾವತಿಬಾಯಿ.

ಚಂಬಣ್ಣ ಅಕ್ಕನನ್ನು ನೋಡಿ ಎದ್ದು ಕುರ್ಚಿ ತೋರಿಸಿದ. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ಅವನ ಚಾಪೆಯ ಮೇಲೆ, ಎದುರಿಗೆ ಕೂತಳು. ಅವನು ಶೇಂಗಾ ತಿಕ್ಕಲು ಶುರುಮಾಡಿದ.

“ಚಂಬ್ಯಾ, ಸೊಲ್ಲಾಪುರಕ್ಕ ಬರ್ತಿಯೇನೋ?”

“ಹೂಂ.” ತಟ್ಟನೆ. ನಗುತ್ತ.

ನೀಲಗಂಗಾ ನನ್ನ ಕಡೆ ನೋಡಿದಳು, ನೋಡಿದಿರಾ ಎಂಬಂತೆ. ಆದರೆ ಆ ನೋಟ ಅಲ್ಲಿಯೇ ಮಾಸಿತು. ತಮ್ಮನ ಕಣ್ಣು ಶೇಂಗಾದ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಅವಳು ನಕ್ಕರೆ ನಗುತ್ತಿದ್ದ, ಹುಬ್ಬು ಗಂಟಿಕ್ಕಿದರೆ ಗಂಟಿಕ್ಕುತ್ತಿದ್ದ. ಅದನ್ನು ಅವಳು ಅವತ್ತು ಕಂಡಳೋ, ಮೊದಲೇ ಕಂಡಿದ್ದನ್ನು ಅವತ್ತು ಒಪ್ಪಿಕೊಂಡಳೋ, ನನಗೆ ಗೊತ್ತಿಲ್ಲ. ಎದ್ದಳು, ಅವನ ಹಿಂದೆ ಹೋದಳು, ಅವನ ಬೆನ್ನಿಗೆ ತನ್ನ ಬೆನ್ನು ಹಚ್ಚಿ ಗೋಡೆಯ ಕಡೆ ಮುಖ ಮಾಡಿ ಕೂತಳು.

“ಈಗ ಹೇಳು. ಹೊಳ್ಳಿ ನೋಡಬ್ಯಾಡ. ನನ್ನ ಸಂಗಾಟ ಬರ್ತಿಯೇನು?”

ಚಂಬಣ್ಣ ಹೊರಳಿ ನೋಡಲು ಹೋದ. ಅವಳು ಬೆನ್ನಿನಿಂದಲೇ ಅವನನ್ನು ಒತ್ತಿ ಹಿಡಿದಳು. ಅವನು ಮತ್ತೆ ಮುಂದೆ ನೋಡಿದ. ಶೇಂಗಾ ತಿಕ್ಕುವ ಕೈ ನಿಂತಿತು. ಕಾಲರಿನ ಕಡೆ ಬಾಯಿ ಹೋಯಿತು, ವಾಪಸು ಬಂತು.

ನಾನು ಪಕ್ಕದಲ್ಲಿ ನಿಂತಿದ್ದೆ. ಇಬ್ಬರ ಮುಖವೂ ಕಾಣುತ್ತಿದ್ದದ್ದು ನನಗೊಬ್ಬಳಿಗೇ. ಅವಳ ಮುಖ ‘ಹೂಂ ಅನ್ನು, ಹೂಂ ಅನ್ನು’ ಎಂದು ಬೇಡಿಕೊಳ್ಳುತ್ತಿತ್ತು. ಅವಳು ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ, ಯಾರಿಂದ ಮುಚ್ಚಿಡಬೇಕಿತ್ತೋ ಅವನಿಗೆ ಬೆನ್ನು ತಿರುಗಿಸಿ ಆಗಿತ್ತಲ್ಲ. ಕುಟ್ಟುವ ಯಂತ್ರ ಶುರುಮಾಡಲು ಹೊರಟವರನ್ನು ಕಲಾವತಿಬಾಯಿ ಕೈ ಎತ್ತಿ ತಡೆದರು.

“ಬ್ಯಾಡ,” ಎಂದ ಚಂಬಣ್ಣ.

ಸಣ್ಣ ದನಿ, ಒಣಗಿದ ಗಂಟಲು. ಅವನು ಆ ಶಬ್ದವನ್ನು ಮೊದಲು ಎಲ್ಲಾದರೂ ಆಡಿದ್ದನೋ ಇಲ್ಲವೋ. ಆಡಿ ತಾನೇ ಹೆದರಿ ಭುಜ ಕುಗ್ಗಿಸಿ ಕೂತ, ಏಟು ಬೀಳುವುದನ್ನು ಕಾಯುವವರ ಹಾಗೆ.

ಏಟು ಬೀಳಲಿಲ್ಲ. ನೀಲಗಂಗಾಳ ಕಣ್ಣಿಂದ ನೀರು ಹರಿಯುತ್ತಿತ್ತು, ಆದರೆ ದನಿಯನ್ನು ಅವಳು ಅಲುಗಗೊಡಲಿಲ್ಲ. “ಹೌದಾ? ಬ್ಯಾಡಾ?”

“ಬ್ಯಾಡ. ನೀ ಬಾ.”

“ನಾ ಎಲ್ಲಿಗಿ ಬರ್ಲೋ?”

“ಇಲ್ಲೆ. ನೀ ಬಾ.” ಈ ಸಲ ದನಿ ಸ್ವಲ್ಪ ಜೋರಾಗಿತ್ತು. ಬುಟ್ಟಿಯಿಂದ ಒಂದು ಕರಕಲು ಕಾಳನ್ನು ಹೆಕ್ಕಿ ಬದಿಗೆ ಎಸೆದ.

ಸೋಮವಾರ ಸಮಿತಿಯ ಮುಂದೆ ನಾನು ನಮ್ಮ ತಪ್ಪನ್ನು ವಿವರಿಸಿದೆ. ಪಟ್ಟಿಗೆ ಹೊಸದಾಗಿ ಪಾಠ ಕಲಿಸಬೇಕು, ಅಲ್ಲಿಯವರೆಗೆ ಅದರ ಮಾತಿನ ಮೇಲೆ ಯಾರ ಮನೆಯನ್ನೂ ನಿರ್ಧರಿಸಬೇಡಿ ಎಂದು ಕೇಳಿಕೊಂಡೆ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಚಹಾದ ಮಾತು ಬಂದಾಗ ತಮ್ಮ ಮುಂದಿನ ಕಪ್ಪನ್ನು ಸ್ವಲ್ಪ ಆಚೆ ಸರಿಸಿದರು. ನಮ್ಮ ಯೋಜನೆಗೆ ಮುಂದೆ ಹಣ ಬರುತ್ತದೋ ಇಲ್ಲವೋ ಎಂದು ನದಾಫ್ ಹಿಂದಿನ ಸಾಲಿನಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದ. ನನಗೆ ಆ ಕ್ಷಣ ಅದರ ಚಿಂತೆ ಇರಲಿಲ್ಲ. ಚಂಬಣ್ಣ ‘ಬ್ಯಾಡ’ ಎಂದಾಗ ದೀಪ ಯಾವ ಬಣ್ಣದ್ದಿರುತ್ತಿತ್ತು ಎಂದು ತಿಳಿಯುವ ಆಸೆ ಮಾತ್ರ ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ.

“ಹಾಗಾದರೆ ಅವನ ಇಚ್ಛೆ ಏನೆಂಬುದಕ್ಕೆ ನಮ್ಮ ಮುಂದೆ ಆಧಾರವೇ ಇಲ್ಲ,” ಎಂದರು ಅಧ್ಯಕ್ಷರು.

ನೀಲಗಂಗಾ ಎದ್ದು ನಿಂತಳು. ರಾತ್ರಿಯೆಲ್ಲ ಅತ್ತದ್ದು ಕಣ್ಣಿನಲ್ಲಿ ಕಾಣುತ್ತಿತ್ತು. ಆದರೆ ನಿಂತ ರೀತಿ, ಮಗ ಮೊದಲ ಹೆಜ್ಜೆ ಇಟ್ಟದ್ದನ್ನು ನೆರೆಮನೆಯವರಿಗೆಲ್ಲ ಹೇಳಲು ಹೊರಟ ತಾಯಿಯದು.

“ಆಧಾರ ನಾನ ಅದೀನ್ರಿ. ಹುಟ್ಟಿದಾಗಿಂದ ನಾ ಹೇಳಿದ್ದಕ್ಕೆಲ್ಲಾ ಹೂಂ ಅಂದಾಂವ ಅಂವ. ನಿನ್ನಿ ನನಗ ಬ್ಯಾಡ ಅಂದಾನ. ಎರಡ ಸಲಾ ಅಂದಾನ್ರಿ, ನನ್ನ ತಮ್ಮ.” ಅವಳು ಮೂಗು ಒರೆಸಿಕೊಂಡು, ಅಧ್ಯಕ್ಷರ ಕೈಯಲ್ಲಿದ್ದ ಪೆನ್ನಿನ ಕಡೆ ನೋಡಿದಳು. “ಬರಕೋರಿ.”